ಸಂಕ್ಷಿಪ್ತ ಕೊಂಡಿಗಳೂ ಅಚ್ಚಿನ ಹಾಳೆಯೂ

ಕಚೇರಿಯಲ್ಲಿ ಲೇಖನಿ ಹಿಡಿದವರಿಗೆ ಸಂಕ್ಷೇಪವೆಂಬುದು ಹೊಸ ಮಾತಲ್ಲ. ಹಿಂದೆ ಪತ್ರದ ತಲೆಯಲ್ಲಿ 'ರಾ. ರಾ.' ಎಂದು ಬರೆದರೆ 'ರಾಜಮಾನ್ಯ ರಾಜಶ್ರೀ' ಎಂದು ಎಲ್ಲರೂ ಓದಿಕೊಳ್ಳುತ್ತಿದ್ದರು. ಆದರೆ ಬರೆದವನಿಗೆ ತಿಳಿದ ಸಂಕ್ಷೇಪ ಓದುವವನಿಗೂ ತಿಳಿದಿರಬೇಕು. ಗಣಕಯಂತ್ರದ ಕಡತಕ್ಕೂ ಇದೇ ನ್ಯಾಯ.

ಎಮ್ಯಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ನಡೆಯುವ ಆರ್ಗ್ ಮೋಡ್ ಎಂಬ ಏರ್ಪಾಡನ್ನು ನಮ್ಮಲ್ಲಿ ಕೆಲವರು ಬಲ್ಲರು. 2003ರಲ್ಲಿ ಖಗೋಳಶಾಸ್ತ್ರಜ್ಞ ಕಾರ್ಸ್ಟೆನ್ ಡೊಮಿನಿಕ್ ಇದನ್ನು ಆರಂಭಿಸಿದರು. ಇಲ್ಲಿ ಕಡತವು ಬರಿಯ ಅಕ್ಷರಗಳ ಸರಳ ಪಠ್ಯ. ಬೇಕಾದಾಗ ಅದನ್ನು ಜಾಲಪುಟವಾಗಿಯೋ ಅಚ್ಚಿನ ಹಾಳೆಯಾಗಿಯೋ ಮಾರ್ಪಡಿಸಬಹುದು.

ಉದ್ದವಾದ ವಿಳಾಸವನ್ನು ಪದೇ ಪದೇ ಬರೆಯುವ ಶ್ರಮ ಬೇಡವೆಂದರೆ, ಕಡತದ ಮೊದಲಲ್ಲಿ ಲಿಂಕ್ ಎಂಬ ಸೂಚನೆಯ ಸಾಲನ್ನಿಟ್ಟು, 'ವಿಕಿ' ಎಂದರೆ ಕನ್ನಡ ವಿಕಿಪೀಡಿಯದ ವಿಳಾಸವೆಂದು ಒಮ್ಮೆ ತಿಳಿಸಿದರಾಯಿತು. ಮುಂದೆ ಜೋಡಿ ಚೌಕ ಆವರಣದಲ್ಲಿ 'ವಿಕಿ', ಅಡ್ಡಗೆರೆಯಿಲ್ಲದ ಎರಡು ಚುಕ್ಕೆ, ಪುಟದ ಹೆಸರು ಇಷ್ಟೇ ಸಾಕು.

ತೊಡಕು ಬರುವುದು ಮಾರ್ಪಡಿಸುವಾಗ. ಆಗ ಸಂಕ್ಷೇಪವು ಪೂರ್ಣ ವಿಳಾಸವಾಗಿ ಬಿಚ್ಚಿಕೊಳ್ಳುತ್ತದೆ. ವಿವರಣೆ ಬರೆಯದಿದ್ದರೆ ಆ ವಿಳಾಸವೇ ಹಾಳೆಯಲ್ಲಿ ಕಾಣುತ್ತದೆ. ಕನ್ನಡದ ಹೆಸರು ಶೇಕಡಾ ಚಿಹ್ನೆಗಳ ಸಂಕೇತವಾದಾಗ 'ಕುವೆಂಪು' ಎಂಬ ಮೂರಕ್ಷರ 63 ಚಿಹ್ನೆಗಳಷ್ಟು ಉದ್ದವಾಗುತ್ತದೆ! ವಿವರಣೆ ಬರೆದರೆ, ಜಾಲಪುಟದಲ್ಲೂ ಲೇಟೆಕ್ಸ್ ಮೂಲಕ ಅಚ್ಚಾದ ಹಾಳೆಯಲ್ಲೂ ವಿವರಣೆಯಷ್ಟೇ ಕಂಡು ವಿಳಾಸ ಮರೆಯಾಗುತ್ತದೆ. ಪರದೆಯ ಮೇಲೆ ಇದರಿಂದ ಬಾಧೆಯಿಲ್ಲ. ಆದರೆ ಕೆಲಸದ ಪ್ರಕಟಣೆಯನ್ನು ಗೋಡೆಗೆ ಅಂಟಿಸಿ, 'ಅರ್ಜಿ ಇಲ್ಲಿದೆ' ಎಂದಷ್ಟೇ ಅಚ್ಚಾಗಿದ್ದರೆ? ಕಾಗದವನ್ನು ಎಷ್ಟು ಒತ್ತಿದರೂ ಯಾವ ಪುಟವೂ ತೆರೆಯದು. ಪಾಳಿ ಮುಗಿಸಿ ಬಂದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಕಡೆಯ ದಿನಾಂಕವೂ ದಾಟಿಹೋಗುತ್ತದೆ.

ಇದಕ್ಕೆ ಉಪಾಯಗಳು ಎರಡು.

ಮೊದಲನೆಯದು ಸುಲಭ. ಬರಿಯ ಪಠ್ಯವಾಗಿ ಮಾರ್ಪಡಿಸಿದರೆ, ಆರ್ಗ್ ಮೋಡ್ ತಾನೇ ವಿವರಣೆಯನ್ನು ಆವರಣದಲ್ಲಿಟ್ಟು, ವಿಳಾಸಗಳನ್ನು ಆಯಾ ಭಾಗದ ಕೊನೆಯಲ್ಲಿ ಟಿಪ್ಪಣಿಯಾಗಿ ಕೊಡುತ್ತದೆ. ಟಿಪ್ಪಣಿ ಬೇಡವೆಂದು ಸಜ್ಜಿಕೆ ಬದಲಿಸಿದರೆ ವಿಳಾಸ ವಿವರಣೆಯ ಪಕ್ಕದಲ್ಲಿಯೇ ನಿಲ್ಲುತ್ತದೆ.

ಎರಡನೆಯದು, ಸಂಕ್ಷೇಪಕ್ಕೆ ಬದಲಾಗಿ ನಮ್ಮದೇ ಕೊಂಡಿಯ ಜಾತಿಯನ್ನು ನಿರ್ಮಿಸುವುದು. ಎಮ್ಯಾಕ್ಸಿನ ಆರಂಭದ ಕಡತದಲ್ಲಿ ಒಂದು ಕಿರುವಿಧಿಯನ್ನು ಬರೆಯಬೇಕು. ಪುಟದ ಹೆಸರು, ವಿವರಣೆ, ಮಾರ್ಪಾಡಿನ ಬಗೆ, ಇವು ಅದರ ಕೈಗೆ ಬರುತ್ತವೆ. ಜಾಲಪುಟವಾದರೆ ಒತ್ತುವ ಕೊಂಡಿ, ಅಚ್ಚಾದರೆ ಹೆಸರೂ ಓದಬಲ್ಲ ವಿಳಾಸವೂ, ಎಂದು ನಾವೇ ವಿಧಿಸಬಹುದು. ವಿಧಿಯು 'ನಿಲ್' ಎಂದು ಉತ್ತರಿಸಿದರೆ ಎಂದಿನ ರೂಪವೇ ಬರುತ್ತದೆ.

ಒಂದು ಎಚ್ಚರಿಕೆ: ಅದೇ ಹೆಸರಿನ ಹಳೆಯ ಸಂಕ್ಷೇಪದ ಸಾಲನ್ನು ಅಳಿಸಿಬಿಡಬೇಕು. ಸಂಕ್ಷೇಪ ಮೊದಲೇ ಬಿಚ್ಚಿಕೊಳ್ಳುವುದರಿಂದ, ಅದು ಉಳಿದರೆ ನಮ್ಮ ವಿಧಿಗೆ ಸರದಿಯೇ ಬಾರದು.

ಹಾಳೆಯನ್ನು ಅಂಟಿಸುವ ಮೊದಲು, ಅದರಲ್ಲಿ ಕಾಣುವ ವಿಳಾಸವನ್ನಷ್ಟೇ ನೋಡಿ ನಾವು ಒಮ್ಮೆ ಟೈಪು ಮಾಡಿ ನೋಡೋಣ. ಪುಟ ತೆರೆದರೆ ನಮ್ಮ ಕೆಲಸ ಮುಗಿದಂತೆ.