ಕಡಲಿನಲ್ಲಿ ಪ್ಲಾಸ್ಟಿಕ್ಕಿನ ಸಂಚಾರ

ಮರವಂತೆಯಲ್ಲಿ ಹೆದ್ದಾರಿಯ ಪಡುವಣ ಪಕ್ಕದಲ್ಲಿ ಅರಬ್ಬೀ ಸಮುದ್ರವೂ ಮೂಡಣ ಪಕ್ಕದಲ್ಲಿ ಸೌಪರ್ಣಿಕಾ ನದಿಯೂ ಇರುವುದನ್ನು ಕುಂದಾಪುರದಿಂದ ಬೈಂದೂರಿಗೆ ಪ್ರಯಾಣ ಮಾಡಿದವರೆಲ್ಲರೂ ಕಂಡಿರುತ್ತಾರೆ. ನದಿಯು ಇಲ್ಲಿ ಕಡಲಿಗೆ ಕೂಗಳತೆಯಷ್ಟು ಸಮೀಪ ಬಂದರೂ ಅದನ್ನು ಕೂಡದೆ ತೆಂಕಕ್ಕೆ ತಿರುಗಿ, ಇನ್ನೂ ಕೆಲವು ಕಿಲೋಮೀಟರ್ ಹರಿದು, ಗಂಗೊಳ್ಳಿಯ ಅಳಿವೆಯಲ್ಲಿ ವಾರಾಹಿ, ಚಕ್ರಾ ಮೊದಲಾದ ನದಿಗಳೊಡನೆ ಸಮುದ್ರವನ್ನು ಸೇರುತ್ತದೆ. ಈ ರಸ್ತೆಯ ಮೇಲೆ ನಿಂತು ಯಾರಾದರೂ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಎಸೆದರೆಂದು ಭಾವಿಸೋಣ. ಒಂದು ತಿಂಗಳ ಬಳಿಕ ಅವೆರಡೂ ಎಲ್ಲಿರುತ್ತವೆ? ಕಡಲ ಕಸವನ್ನು ಕುರಿತು ಸಾಗರವಿಜ್ಞಾನಿಗಳು ಕೇಳುವ ಪ್ರಶ್ನೆ ಇಂಥದೇ. “ದಡದಲ್ಲಿ ಬಿದ್ದಿರುವುದು ನಮ್ಮ ಕಸವಲ್ಲ, ಎಲ್ಲಿಂದಲೋ ತೇಲಿ ಬಂದದ್ದು” ಎಂದು ಹೇಳುವವರು ನಮ್ಮ ಕರಾವಳಿಯಲ್ಲಿ ಅನೇಕರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವೆಷ್ಟು ಎಂಬುದೂ ಈ ಪ್ರಶ್ನೆಯ ಉತ್ತರದಿಂದಲೇ ತೀರ್ಮಾನವಾಗಬೇಕು.

ಮೊದಲು ಆರ್ಕಿಮಿಡೀಸನ ತತ್ತ್ವವನ್ನು ಸ್ಮರಿಸೋಣ. ಸಮುದ್ರದ ಮೇಲ್ಮೈ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.02 ಗ್ರಾಂ. ಕೈಚೀಲಗಳಿಗೆ ಬಳಸುವ ಪಾಲಿಥೀನಿನ ಸಾಂದ್ರತೆ 0.91ರಿಂದ 0.97ರ ವರೆಗೆ, ಹಗ್ಗ, ಮುಚ್ಚಳ ಮೊದಲಾದುವಕ್ಕೆ ಬಳಸುವ ಪಾಲಿಪ್ರೊಪಿಲೀನಿನದು ಸುಮಾರು 0.9. ಇವು ತೇಲಲೇಬೇಕು. ನೀರಿನ ಬಾಟಲಿಯನ್ನು ಮಾಡುವ ಪೆಟ್ ಎಂಬ ಪ್ಲಾಸ್ಟಿಕ್ಕಿನ ಸಾಂದ್ರತೆ 1.38, ಬಲೆಯ ನೈಲಾನಿನದು 1.14, ಇವು ಮುಳುಗಲೇಬೇಕು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಉಪ್ಪನ್ನು ಕರಗಿಸಿ, ಬಾಟಲಿಯ ಮುಚ್ಚಳವನ್ನೂ ಬಾಟಲಿಯಿಂದ ಕತ್ತರಿಸಿದ ಒಂದು ಚೂರನ್ನೂ ಅದರಲ್ಲಿ ಹಾಕಿ ಬೆರಳಿನಿಂದ ಒಮ್ಮೆ ಅದುಮಿ ಬಿಟ್ಟರೆ, ಮುಚ್ಚಳ ಮೇಲೇಳುತ್ತದೆ, ಚೂರು ತಳವನ್ನು ಸೇರುತ್ತದೆ. ಆದರೂ ಬಿಗಿಯಾಗಿ ಮುಚ್ಚಿದ ಖಾಲಿ ಬಾಟಲಿ ಒಳಗಿನ ಗಾಳಿಯ ದೆಸೆಯಿಂದ ತೇಲುತ್ತದೆ. ಮುಚ್ಚಳ ಸಡಿಲವಾಗಿ ನೀರು ಒಳಹೊಕ್ಕ ದಿನ ಅದರ ಮೇಲ್ಮೈ ಪ್ರಯಾಣ ಮುಗಿಯುತ್ತದೆ.

ತೇಲುವ ವಸ್ತುಗಳೆಲ್ಲವೂ ಒಂದೇ ದಾರಿಯನ್ನು ಹಿಡಿಯುವುದಿಲ್ಲ. ಖಾಲಿ ಬಾಟಲಿಯ ಬಹುಭಾಗ ನೀರಿನ ಮೇಲೆ ಎದ್ದು ನಿಲ್ಲುವುದರಿಂದ ಅದಕ್ಕೆ ಗಾಳಿಯೇ ಹಾಯಿಕಟ್ಟಿದಂತೆ ಆಗುತ್ತದೆ. ನೆನೆದ ಚೀಲವಾದರೋ ನೀರಿನ ಮೇಲ್ಪದರದಲ್ಲಿ ಅಡಗಿಕೊಂಡು, ನೀರು ಹೋದತ್ತ ಹೋಗುತ್ತದೆ. ಆ ಮೇಲ್ಪದರವು ಬೀಸುವ ಗಾಳಿಯ ವೇಗದ ಸುಮಾರು ನೂರಕ್ಕೆ ಮೂರರಷ್ಟು ವೇಗದಲ್ಲಿ ಸರಿಯುತ್ತದೆಂಬುದು ಒಂದು ಸ್ಥೂಲ ನಿಯಮ. ಸೆಕೆಂಡಿಗೆ 6 ಮೀಟರ್ ಗಾಳಿಯಿದ್ದರೆ ನೀರು ಸೆಕೆಂಡಿಗೆ 18 ಸೆಂಟಿಮೀಟರ್ ಸರಿದಂತಾಯಿತು. ಇದಲ್ಲದೆ ಅಲೆಗಳೂ ಉಂಟು. ಅಲೆ ಹಾದುಹೋಗುವಾಗ ನೀರಿನ ಕಣವು ವರ್ತುಲದಲ್ಲಿ ಸುತ್ತಿ ತನ್ನ ಸ್ಥಾನಕ್ಕೆ ಹಿಂದಿರುಗುತ್ತದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಕಣವು ಮುಂದೆ ಹೋದಷ್ಟು ಹಿಂದೆ ಬರುವುದಿಲ್ಲ. ಪ್ರತಿ ಅಲೆಗೂ ಹೀಗೆ ಉಳಿಯುವ ಅಲ್ಪ ಮುನ್ನಡೆಯನ್ನು ಸ್ಟೋಕ್ಸ್ ಎಂಬ ವಿಜ್ಞಾನಿ 1847ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ದಡದತ್ತ ಬರುವ ಅಲೆಗಳು ತೇಲುವ ಕಸವನ್ನು ದಡದತ್ತ ನೂಕುವುದು ಈ ಕಾರಣದಿಂದ.

ಇನ್ನು ಕಾಲದ ವಿಷಯ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ; ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಬೇಸಗೆಯಲ್ಲಿ ಗಂಗೊಳ್ಳಿಯ ಅಳಿವೆಯಲ್ಲಾಗಲಿ, ಬ್ರಹ್ಮಾವರದ ಎರಡು ಮಗ್ಗುಲುಗಳಲ್ಲಿ ಹರಿದುಬರುವ ಸೀತಾ ಮತ್ತು ಸ್ವರ್ಣಾ ನದಿಗಳು ಕಡಲನ್ನು ಸೇರುವ ಕೋಡಿಬೆಂಗ್ರೆಯಲ್ಲಾಗಲಿ ನದಿಯ ಸೆಳೆತ ಕ್ಷೀಣ. ದಿನಕ್ಕೆರಡು ಸಲ ಭರತದೊಡನೆ ಒಳಬಂದು ಇಳಿತದೊಡನೆ ಹೊರಹೋಗುವ ಕಸ ಕಾಂಡ್ಲಾ ಗಿಡಗಳ ಬೇರುಗಳಲ್ಲಿ ಸಿಕ್ಕಿ ನಿಲ್ಲುತ್ತದೆ. ತೋಡುಗಳಲ್ಲಿಯೂ ಹೊಳೆಯ ದಂಡೆಗಳಲ್ಲಿಯೂ ಎಂಟು ತಿಂಗಳು ಕೂಡಿಬಿದ್ದ ಈ ರಾಶಿಯನ್ನು ಜೂನಿನ ಮೊದಲ ನೆರೆಗಳು ಒಮ್ಮೆಗೇ ಕಡಲಿಗೆ ತಳ್ಳುತ್ತವೆ.

ಕಡಲಿನಲ್ಲಿ ಅದನ್ನು ಎದುರುಗೊಳ್ಳುವುದು ಕರಾವಳಿ ಪ್ರವಾಹ. ಭಾರತದ ಪಶ್ಚಿಮ ಕರಾವಳಿಯ ಪ್ರವಾಹಕ್ಕೆ ವಿಚಿತ್ರವಾದ ಗುಣವೊಂದಿದೆ: ಅದು ವರ್ಷಕ್ಕೆರಡು ಸಲ ದಿಕ್ಕನ್ನು ತಿರುಗಿಸುತ್ತದೆ. ಮಳೆಗಾಲದಲ್ಲಿ ತೆಂಕಕ್ಕೆ ಹರಿಯುವುದು ನವೆಂಬರಿನಿಂದ ಫೆಬ್ರವರಿಯವರೆಗೆ ಬಡಗಕ್ಕೆ ಹರಿಯುತ್ತದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಶೆಟ್ಯೆ ಮತ್ತು ಅವರ ಸಹೋದ್ಯೋಗಿಗಳು ಹಡಗಿನಿಂದ ನೀರಿನ ಉಷ್ಣತೆಯನ್ನೂ ಲವಣಾಂಶವನ್ನೂ ಅಳೆದು 1990ರ ಸುಮಾರಿನಲ್ಲಿ ಪ್ರಕಟಿಸಿದ ಲೇಖನಗಳು ಈ ವಿಷಯದಲ್ಲಿ ಆಧಾರಭೂತವಾದುವು. ಚಳಿಗಾಲದ ಗಾಳಿ ಬೀಸುವುದು ಬಡಗಣಿಂದ. ಪ್ರವಾಹವೋ ಅದಕ್ಕೆ ಎದುರಾಗಿ ಬಡಗಕ್ಕೇ ನಡೆಯುತ್ತದೆ! ಇದರ ಕಾರಣವನ್ನು ಬಂಗಾಳ ಕೊಲ್ಲಿಯವರೆಗೂ ಹುಡುಕಬೇಕಾಯಿತು. ಅಲ್ಲಿಯ ಗಾಳಿಗಳಿಂದ ಎದ್ದ ಕೆಲ್ವಿನ್ ಅಲೆಗಳೆಂಬ ಬಹು ದೀರ್ಘವಾದ ಅಲೆಗಳು ದಡವನ್ನು ಬಲಗಡೆಗೆ ಇಟ್ಟುಕೊಂಡು ಪೂರ್ವ ಕರಾವಳಿಯನ್ನು ಇಳಿದು, ಸಿಂಹಳವನ್ನು ಬಳಸಿ, ನಮ್ಮ ಕರಾವಳಿಯನ್ನು ಏರಿ ಬರುತ್ತವೆ. ಕುಂದಾಪುರದ ಮುಂದಿನ ನೀರು ಡಿಸೆಂಬರಿನಲ್ಲಿ ಎತ್ತ ಹರಿಯಬೇಕೆಂಬುದರಲ್ಲಿ ಇಷ್ಟು ದೂರದ ಗಾಳಿಗೂ ಪಾಲಿದೆಯೆಂಬುದು ನಮಗಂತೂ ಭೌತಶಾಸ್ತ್ರದ ಅತ್ಯಂತ ರಮ್ಯವಾದ ಸಂಗತಿಗಳಲ್ಲೊಂದಾಗಿ ತೋರುತ್ತದೆ.

ಈ ಪ್ರವಾಹದ ಕೆಲಸವನ್ನು 2025ರಲ್ಲಿ ಎಲ್ಲರೂ ಕಣ್ಣಾರೆ ಕಾಣುವಂತಾಯಿತು. ಆ ವರ್ಷದ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಕೊಚ್ಚಿಯ ಆಚೆ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು, ಎಂದರೆ ಕಾರ್ಖಾನೆಗಳಲ್ಲಿ ಕರಗಿಸಿ ವಸ್ತುಗಳನ್ನು ಎರಕ ಹೊಯ್ಯಲು ಬಳಸುವ ಬೇಳೆಯ ಗಾತ್ರದ ಕಣಗಳು, ತಿರುವನಂತಪುರದ ದಡಗಳನ್ನು ತುಂಬಿ ಕನ್ಯಾಕುಮಾರಿಯ ಕಡೆಗೂ ಸಾಗಿದುವು. ಪ್ರವಾಹ ಆಗ ತೆಂಕಣ ಮುಖವಾಗಿತ್ತು. ಇದೇ ಅಪಘಾತ ಡಿಸೆಂಬರಿನಲ್ಲಿ ನಡೆದಿದ್ದರೆ ಅದರ ಕಾಳುಗಳನ್ನು ಮಂಗಳೂರು, ಮಲ್ಪೆ, ಕುಂದಾಪುರಗಳವರು ಎದುರು ನೋಡಬೇಕಾಗುತ್ತಿತ್ತು.

ಒಂದು ಲೆಕ್ಕವನ್ನು ಮಾಡೋಣ. ಪ್ರವಾಹದ ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ದಿನವೊಂದಕ್ಕೆ ಸುಮಾರು 17 ಕಿಲೋಮೀಟರ್ ಆಗುತ್ತದೆ. ಕೋಡಿಬೆಂಗ್ರೆಯಿಂದ ಬೈಂದೂರಿನ ಸೋಮೇಶ್ವರದ ದಡಕ್ಕೆ ಸುಮಾರು 50 ಕಿಲೋಮೀಟರ್. ಚಳಿಗಾಲದಲ್ಲಿ ಬ್ರಹ್ಮಾವರದ ಚೀಲ ಮೂರು ದಿನಗಳಲ್ಲಿ ಬೈಂದೂರಿನದಾಗಬಹುದು. ‘ಆಗಬಹುದು’ ಎಂದೇ ಹೇಳಬೇಕು. ಏಕೆಂದರೆ ಅಕ್ಕಪಕ್ಕದಲ್ಲಿ ಬಿಟ್ಟ ಎರಡು ಚೀಲಗಳು ಸುಳಿಗಳಿಗೆ ಸಿಕ್ಕಿ ಬಹುಬೇಗ ಬೇರೆಯಾಗುತ್ತವೆ. ಆದುದರಿಂದ ಸಾಗರವಿಜ್ಞಾನಿಗಳು ಒಂದು ವಸ್ತುವಿನ ದಾರಿಯನ್ನು ಗುಣಿಸುವುದಿಲ್ಲ. ಗಣಕಯಂತ್ರದಲ್ಲಿ ಸಾವಿರಾರು ಕಲ್ಪಿತ ಕಣಗಳನ್ನು ಹರಿಯಬಿಟ್ಟು, ನೂರಕ್ಕೆ ಎಷ್ಟು ಎಲ್ಲಿ ಸೇರಿದುವೆಂದು ಎಣಿಸುತ್ತಾರೆ. ಕಡಲಲ್ಲಿ ಕಾಣೆಯಾದ ದೋಣಿಗಳನ್ನು ಹುಡುಕಲು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮಾಡುವುದೂ ಇದೇ ಬಗೆಯ ಗಣನೆ. ಮಿರ್ಯಾಮ್ ವಾನ್ ಡರ್ ಮೇನ್ ಎಂಬ ಸಾಗರವಿಜ್ಞಾನಿ ಸಹೋದ್ಯೋಗಿಗಳೊಡನೆ ಹಿಂದೂ ಮಹಾಸಾಗರವನ್ನು ಕುರಿತು ಹೀಗೆ ಗಣಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಾಂತಸಾಗರದ ನಡುವೆ ಇರುವಂಥ ಸ್ಥಿರವಾದ ಕಸದ ಮಡು ನಮ್ಮ ಉತ್ತರ ಭಾಗದಲ್ಲಿ ನಿಲ್ಲಲಾರದು. ಮೂರು ಕಡೆ ನೆಲವಿದ್ದು, ಪ್ರವಾಹಗಳೂ ಋತುವಿಗೊಮ್ಮೆ ತಿರುಗುವುದರಿಂದ, ತೇಲುವ ಪ್ಲಾಸ್ಟಿಕ್ಕಿನ ಬಹುಭಾಗ ಕೊನೆಗೆ ಯಾವುದಾದರೊಂದು ದಡವನ್ನೇ ಹತ್ತುತ್ತದೆ.

ಈಗ ಮರವಂತೆಯ ಬಾಟಲಿಗಳಿಗೆ ಬರೋಣ. ಜುಲೈಯಲ್ಲಿ ಕಡಲಿಗೆ ಎಸೆದದ್ದನ್ನು ಗಾಳಿಯೂ ಅಲೆಗಳೂ ಬಹುಶಃ ಅದೇ ದಿನ ಅಲ್ಲಿಯ ಬಂಡೆಗಳ ಮೇಲೆಯೇ ಎಸೆದಿರುತ್ತವೆ. ನದಿಗೆ ಎಸೆದದ್ದು ನೆರೆಯೊಡನೆ ಗಂಗೊಳ್ಳಿಯಲ್ಲಿ ಹೊರಬಿದ್ದು, ತೆಂಕಣ ಪ್ರವಾಹವನ್ನು ಹಿಡಿದು, ಕುಂದಾಪುರದ ಕೋಡಿಯ ದಡದಲ್ಲಿಯೋ ಅದಕ್ಕಿಂತ ಕೆಳಗೋ ಏರುವ ಸಂಭವ ಹೆಚ್ಚು. ಡಿಸೆಂಬರಿನಲ್ಲಿಯಾದರೆ ದಾರಿ ಬೇರೆ. ಹೀಗೆ ನೋಡಿದರೆ ದಡದ ಕಸ ‘ಎಲ್ಲಿಂದಲೋ’ ಬಂದದ್ದೆಂಬ ಮಾತು ಅರ್ಧ ಮಾತ್ರ ನಿಜ. ನೆರೆಯೂರಿನದು ನಮಗೆ ಬರುವುದುಂಟು. ಋತು ತಿರುಗಿದಾಗ ನಮ್ಮದು ಅವರಿಗೆ ಹೋಗುವುದೂ ಉಂಟು. ದಡವನ್ನು ಶುಚಿಗೊಳಿಸುವ ಸಮಾರಂಭಗಳು ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವುದು ವಾಡಿಕೆ. ಕಡಲಿನ ಪಂಚಾಂಗದಂತೆ ಅದು ತಡವಾಯಿತು. ಮೇ ತಿಂಗಳಿನಲ್ಲಿ ತೋಡುಗಳಿಂದ ತೆಗೆದ ಒಂದು ಬುಟ್ಟಿ ಕಸ, ಮಳೆ ಕಳೆದ ಮೇಲೆ ದಡದಲ್ಲಿ ಹೆಕ್ಕಿದ ಹಲವು ಬುಟ್ಟಿಗಳಿಗೆ ಸಮವೆಂದು ನಮ್ಮ ಅಭಿಪ್ರಾಯ.

ಮುಳುಗಿದುದರ ವಿಷಯ ಇನ್ನೂ ಉಳಿದಿದೆ. 2010ನೆಯ ವರ್ಷವೊಂದರಲ್ಲೇ ಜಗತ್ತಿನ ಸಮುದ್ರಗಳಿಗೆ 48ರಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ಸೇರಿತೆಂದು ಒಂದು ಅಂದಾಜು. ಆದರೆ 2014ರಲ್ಲಿ ಮಾಡಿದ ಇನ್ನೊಂದು ಅಂದಾಜಿನಂತೆ ಎಲ್ಲ ಸಮುದ್ರಗಳ ಮೇಲ್ಮೈಯಲ್ಲಿ ತೇಲುತ್ತಿದ್ದದ್ದು ಸುಮಾರು 2.7 ಲಕ್ಷ ಟನ್ ಮಾತ್ರ. ಉಳಿದುದರಲ್ಲಿ ಒಂದು ಪಾಲು ದಡದ ಮರಳಿನಲ್ಲಿ, ಇನ್ನೊಂದು ಪಾಲು ಕಡಲ ತಳದಲ್ಲಿ ಇರಬೇಕು. ತೇಲುವ ಪಾಲಿಥೀನು ಕೂಡ ಪಾಚಿಯೂ ಚಿಪ್ಪಿನ ಜೀವಿಗಳೂ ಅಂಟಿ ಬೆಳೆದಂತೆ ಭಾರವಾಗಿ, ಅದರ ಸರಾಸರಿ ಸಾಂದ್ರತೆ 1.02ನ್ನು ದಾಟಿದೊಡನೆ ಕೆಳಗಿಳಿಯುತ್ತದೆ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆಗಸ್ಟಿನಲ್ಲಿ ಗಂಗೊಳ್ಳಿಯ ಟ್ರಾಲ್ ದೋಣಿಗಳು ಮತ್ತೆ ಕಡಲಿಗಿಳಿದು ತಳವನ್ನು ಗೋರಿದಾಗ, ಬಲೆಯಲ್ಲಿ ಸಿಗಡಿಯೊಡನೆ ಮೇಲೆ ಬರುವುದು ಹೀಗೆ ಇಳಿದುಹೋದ ಚೀಲಗಳೂ ಬಲೆಯ ತುಂಡುಗಳೂ. ಮೀನನ್ನು ವಿಂಗಡಿಸುವುದಕ್ಕೆ ಮೊದಲು ಅವನ್ನು ಒಂದೊಂದಾಗಿ ಬಿಡಿಸಿ ತೆಗೆಯಬೇಕಾಗುತ್ತದೆ.