ಕ್ರಿಕೆಟ್ ಇಷ್ಟ, ಭಿನ್ನರಾಶಿ ಕಷ್ಟ

ಪ್ರಶ್ನೆ: ಏಳನೇ ತರಗತಿಯ ಮಗ ಸದಾ ಕ್ರಿಕೆಟ್ ನೋಡುತ್ತಾನೆ. ಗಣಿತ ಅಂದರೆ ‘ಇದೆಲ್ಲ ಯಾವುದಕ್ಕೆ ಬರುತ್ತೆ?’ ಎನ್ನುತ್ತಾನೆ. ಟ್ಯೂಷನ್ ಬದಲಿಸಿದರೂ ಪ್ರಯೋಜನವಾಗಿಲ್ಲ.
– ಒಬ್ಬ ತಾಯಿ, ಹಾಸನ

ಉತ್ತರ: ಮೂರನೇ ಟ್ಯೂಷನ್ ಹುಡುಕಬೇಡಿ. ಟಿವಿ ಆರಿಸುವುದೂ ಬೇಡ, ಪಕ್ಕದಲ್ಲಿ ಕುಳಿತುಕೊಳ್ಳಿ. 15.3 ಓವರ್‌ಗೆ 124 ರನ್ ಆಗಿದೆ ಎನ್ನಿ, ರನ್‌ರೇಟ್ ಕೇಳಿ. 124ನ್ನು 15.3ರಿಂದ ಭಾಗಿಸಿದರೆ ಸುಮಾರು 8.10 ಬರುತ್ತದೆ. ಪರದೆಯಲ್ಲಿ ಕಾಣುವುದು 8.00. ಅಲ್ಲಿ .3 ಎಂದರೆ ಆರರಲ್ಲಿ ಮೂರು ಎಸೆತ, ಅರ್ಧ ಓವರ್. ಇದನ್ನು ನೀವು ಹೇಳಿಕೊಡಬೇಡಿ, ಅವನೇ ತಲೆ ಕೆರೆದುಕೊಳ್ಳಲಿ. ನಾಲ್ವರ ಉಪ್ಪಿಟ್ಟಿಗೆ ಒಂದೂವರೆ ಲೋಟ ರವೆಯಾದರೆ ಆರು ಜನಕ್ಕೆಷ್ಟು ಎಂದೂ ಕೇಳಬಹುದು.

ಜೊತೆಗೆ ನಾಲ್ಕು, ಐದನೇ ತರಗತಿಯ ಪುಸ್ತಕ ತೆಗೆದು ಭಾಗಾಕಾರ ಮಾಡಿಸಿ. ಭಿನ್ನರಾಶಿಯ ಭಯ ಹೆಚ್ಚಾಗಿ ಅಲ್ಲಿಂದಲೇ ಶುರು. ದಿನಕ್ಕೆ ಕಾಲು ಗಂಟೆ ಸಾಕು. ಅಂಕದ ಮಾತು ಎತ್ತಬೇಡಿ.

ಗಡಿಯಾರ ನೋಡಲು, ಚಿಲ್ಲರೆ ಎಣಿಸಲೂ ತಡವರಿಸುತ್ತಾನೆಯೇ? ಹಾಗಿದ್ದರೆ ಅದು ಸೋಮಾರಿತನವಲ್ಲ, ಡಿಸ್ಕ್ಯಾಲ್ಕುಲಿಯ ಎಂಬ ಗಣಿತ ಕಲಿಕೆಯ ತೊಂದರೆ ಇರಬಹುದು. ಮಕ್ಕಳ ಮನಶ್ಶಾಸ್ತ್ರಜ್ಞರಲ್ಲಿ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ದೃಢಪಟ್ಟರೆ ಎಸ್ಸೆಸ್ಸೆಲ್ಸಿಯಲ್ಲಿ ಸಿಗುವ ರಿಯಾಯಿತಿಗಳ ಬಗ್ಗೆ ಶಾಲೆಯಲ್ಲಿ ಈಗಲೇ ವಿಚಾರಿಸಿ.