ಬೀಗಕ್ಕೊಂದು ಗಡುವು

ಚಿ. ಸುಮಾ,

ನಿನ್ನನ್ನು ತಂಡದ ಮುಖ್ಯಸ್ಥೆ ಮಾಡಿದ್ದಾರೆಂದು ಅಕ್ಕ ಹೇಳಿದಾಗ ಹಿಗ್ಗಾಯಿತು. ಆಮೇಲೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಯಿಂದ ತುಸು ಕಳವಳವೂ ಆಯಿತು. ತಂಡದ ಟಿಪ್ಪಣಿ, ಚರ್ಚೆ, ಕರಡುಗಳೆಲ್ಲ ಲಾಗಿನ್ ಆದ ನಮ್ಮವರಿಗಷ್ಟೇ ಕಾಣಲಿ ಎನ್ನಲೇ, ಇಡೀ ಆಫೀಸಿಗೆ ತೆರೆದಿಡಲೇ ಎಂದೆ. ಆಗ ಏನೂ ಹೊಳೆಯಲಿಲ್ಲ. ನನಗೆ ಹೊಳೆಯುವುದೆಲ್ಲ ಫೋನ್ ಇಟ್ಟ ಮೇಲೆಯೇ.

ನಮ್ಮ ಕಾಲದಲ್ಲಿ ಈ ವಿಂಗಡಣೆಯನ್ನು ಅಂಚೆ ಇಲಾಖೆಯೇ ಮಾಡಿಕೊಟ್ಟಿತ್ತು. ಮಳೆ ಬಂದದ್ದು, ಹಸು ಕರು ಹಾಕಿದ್ದು ಕಾರ್ಡಿಗೆ. ಅದನ್ನು ಪೋಸ್ಟ್‌ಮ್ಯಾನ್ ನಮ್ಮ ಜಗಲಿ ಹತ್ತುವ ಮೊದಲೇ ಓದಿರುತ್ತಿದ್ದ. ಸಾಲದ ಮಾತು, ಹೆಣ್ಣು-ಗಂಡಿನ ಮಾತು ಅಂಟು ಹಚ್ಚಿದ ಇನ್‌ಲ್ಯಾಂಡಿಗೆ. ಸಂಬಂಧ ಕುದುರಿತೋ, ಅದೇ ಗುಟ್ಟು ಲಗ್ನಪತ್ರಿಕೆಯಾಗಿ ಮನೆಮನೆಗೂ ಹೋಗುತ್ತಿತ್ತು.

ಯಾವುದನ್ನು ಗುಟ್ಟಾಗಿಡಬೇಕು, ಎಲ್ಲಿಯವರೆಗೆ ಎಂಬುದನ್ನೇ ಕೌಟಿಲ್ಯ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಚರ್ಚಿಸಿದ್ದಾನೆ. ಗಿಳಿ, ಗೊರವಂಕಗಳಿಂದಲೂ ರಾಜರ ಮಂತ್ರಾಲೋಚನೆ ಬಯಲಾದದ್ದುಂಟಂತೆ, ಆದ್ದರಿಂದ ಹಕ್ಕಿಗೂ ಕಾಣದ ಜಾಗ ಬೇಕಂತೆ. ಅಜಾಗರೂಕತೆ, ಕುಡಿತ, ನಿದ್ದೆಯ ಬಡಬಡಿಕೆ ಎಂದು ಗುಟ್ಟು ಸೋರುವ ದಾರಿಗಳನ್ನೂ ಹೇಳುತ್ತಾನೆ. ನಿನ್ನ ಕಾಲಕ್ಕೆ 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಗುಂಡಿಯನ್ನೂ ಸೇರಿಸಿಕೋ.

ಇಷ್ಟು ಶಂಕೆಯ ಮನುಷ್ಯನೂ ರಾಜ ಒಬ್ಬನೇ ಕುಳಿತು ಯೋಚಿಸಲಿ ಎನ್ನಲಿಲ್ಲ. ಭಾರದ್ವಾಜರೆಂಬ ಆಚಾರ್ಯರ ಮತ ಅದಾಗಿತ್ತು, ಇವನು ಒಪ್ಪಲಿಲ್ಲ. ಮಂತ್ರಿ ಒಬ್ಬನೇ ಆದರೆ ಅಂಕೆ ತಪ್ಪುತ್ತಾನೆ. ಇಬ್ಬರಾದರೆ ಕೂಡಿಕೊಂಡು ರಾಜನನ್ನೇ ಅದುಮುತ್ತಾರೆ, ಇಲ್ಲವೇ ಜಗಳವಾಡಿ ಕೆಲಸ ಕೆಡಿಸುತ್ತಾರೆ. ಮೂವರು ನಾಲ್ವರು ಇರಲಿ. ಅದಕ್ಕೂ ಹೆಚ್ಚಾದರೆ ತೀರ್ಮಾನವೂ ಕಷ್ಟ, ಗುಟ್ಟೂ ಕಷ್ಟ. ನನಗೆ ಇದಕ್ಕಿಂತಲೂ ಹಿಡಿಸಿದ್ದು ಮತ್ತೊಂದು ಮಾತು: ಮಂತ್ರಾಲೋಚನೆಯ ಗುಟ್ಟನ್ನು ಕಾಯಬೇಕಾದದ್ದು ಕಾರ್ಯದ ಕಾಲ ಬರುವವರೆಗೆ. ಗುಟ್ಟಿಗೆ ಅವನು ಗಡುವು ಇಟ್ಟಿದ್ದ.

ಆ ಗ್ರಂಥದ ಕಥೆಯೇ ನೋಡು. ಎಷ್ಟೋ ಶತಮಾನ ಅದರ ಪೂರ್ತಿ ಪಾಠ ವಿದ್ವಾಂಸರ ಕಣ್ಣಿಗೇ ಬಿದ್ದಿರಲಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿಯ ಕಟ್ಟನ್ನು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದರು, ಅಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರು 'ನಮ್ಮ ಮನೆಯವರಿಗಷ್ಟೇ' ಎಂದು ಅಟ್ಟದ ಮೇಲಿಟ್ಟಿದ್ದರೆ ಗೆದ್ದಲಿನ ಪಾಲಾಗುತ್ತಿತ್ತೋ ಏನೋ.

ಅದಕ್ಕೇ ಹೇಳುತ್ತೇನೆ ಮಗೂ, ಹಸಿ ಯೋಚನೆಗೆ, ಗ್ರಾಹಕರ ವಿವರಕ್ಕೆ, ಸಂಬಳದ ಲೆಕ್ಕಕ್ಕೆ ಧೈರ್ಯವಾಗಿ ಬೀಗ ಹಾಕು. ಹಸಿ ಮಾತನ್ನು ಹೊರಗಿನವರು ಕೇಳುತ್ತಾರೆಂದರೆ ನಿನ್ನ ತಂಡದ ಹುಡುಗರು ಬಾಯಿಯೇ ಬಿಡುವುದಿಲ್ಲ. ಆದರೆ ಬೀಗದ ಪಕ್ಕದಲ್ಲೇ ತೆರೆಯುವ ದಿನವನ್ನೂ ಬರೆದಿಡು. ಗ್ರಾಹಕರದ್ದು, ಸಂಬಳದ್ದು ಎಂದೂ ತೆರೆಯುವಂಥದ್ದಲ್ಲ, ಅದು ಬೇರೆ. ಮಿಕ್ಕದ್ದು ಕೆಲಸ ಮುಗಿದ ಮೇಲೂ ಒಳಗೇ ಕೂತರೆ, ಮುಂದಿನ ವರ್ಷ ಸೇರುವ ಹುಡುಗಿ ನೀವು ಕಲಿತದ್ದನ್ನೇ ಮೊದಲಿಂದ ಕಲಿಯಬೇಕಾಗುತ್ತದೆ.

ಇನ್ನೊಂದು. ಕೆಲಸ ಬಿಟ್ಟು ಹೋದವರ ಹೆಸರು ಲಾಗಿನ್ ಇರುವವರ ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಈ ವಾರವೇ ಒಂದು ಗಂಟೆ ಬಿಡುವು ಮಾಡಿಕೊಂಡು ಆ ಪಟ್ಟಿಯನ್ನೊಮ್ಮೆ ಓದಿ ನೋಡು.

ಇಂತಿ,
ನಿನ್ನ ಮಾವ